ರನ್‌ವೇ ಕಾಯೋರು ಯಾರು?



ಸ್ವಲ್ಪ ಉದ್ದ ಪೋಸ್ಟ್. ಊಟ ಆದಮೇಲೆ ಓದ್ರಿ, ಆದ್ರೆ ಪೂರ್ತಿ ಓದ್ರಿ. ಅರ್ಧ ಓದಿ ಜಗಳಕ್ಕೆ ಬರೋರಿಗೆ ಈ ಸಲ ಉತ್ತರ ಕೊಡಲ್ಲ.

ಹೋದ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾನೊಂದು ಮಾತು ಹಾಕಿದ್ದೆ. ಕಲಬುರಗಿ ವಿಮಾನ ನಿಲ್ದಾಣದ ರನ್‌ವೇ ನಿರ್ವಹಣೆಗೆ ವರ್ಷಕ್ಕೆ ಎಷ್ಟು ಹಣ ಇಡ್ತಾರೆ, ಆ ಕೆಲಸಕ್ಕೆ ಯಾರನ್ನ ಹಚ್ತಾರೆ, ಕೂಲಿ ಎಷ್ಟು, ಅವರಿಗೆ ಕಾರ್ಮಿಕ ಕಾರ್ಡು ಇದೆಯೋ ಇಲ್ಲವೋ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ, ಐದು ಜನ ಸಹಿ ಹಾಕ್ರಿ ಅಂದಿದ್ದೆ. ಬಂದ ಉತ್ತರ ನೋಡಿ ನನಗೆ ಎರಡು ದಿನ ನಿದ್ದೆ ಬರಲಿಲ್ಲ.

ಒಬ್ಬರು ಬರೆದರು: "ಅಣ್ಣಾ, ನಮ್ಮ ಕೇರಿಗೆ ಚರಂಡಿ ಇಲ್ಲ, ನೀವು ರನ್‌ವೇ ಬಗ್ಗೆ ಚಿಂತೆ ಮಾಡ್ತೀರಿ." ಇನ್ನೊಬ್ಬರು: "ವಿಮಾನದಾಗ ಹಾರೋರು ಅವರು, ಬಿರುಕು ಬಿಟ್ರೆ ಬಿಡಲಿ." ಮೂರನೆಯವರು ನಗೋ ಚಿತ್ರ ಹಾಕಿ ಸುಮ್ಮನಾದರು. ಸಹಿ ಮಾತ್ರ ಒಂದೂ ಬರಲಿಲ್ಲ.

ಈ ಮೂವರೂ ನನ್ನ ಜೊತೆ ಧರಣಿ ಕೂತವರು, ಲಾಠಿ ತಿಂದವರು. ಅದಕ್ಕೇ ಅವರಿಗೆ ಗುಂಪಿನಲ್ಲಿ ಒಂದು ಸಾಲಿನ ಉತ್ತರ ಕೊಡೋ ಬದಲು ಇಲ್ಲಿ ಎಲ್ಲರೆದುರು ಬರೀತಿದೀನಿ. ನನ್ನ ಮಾತು ಇಷ್ಟೇ: ಆ ರನ್‌ವೇ ನಮ್ಮದು. ಅದನ್ನ ಹಾಳಾಗೋಕೆ ಬಿಡೋದು ನಮ್ಮ ಆಸ್ತಿಯನ್ನೇ ಹಾಳು ಮಾಡಿದ ಹಾಗೆ. ಅದನ್ನ ಕಾಯೋ ಕೆಲಸವನ್ನ ಹೆಸರಿಲ್ಲದ ಕೂಲಿಗಳ ಮೇಲೆ ಹಾಕಿ ಕೈತೊಳೆದುಕೊಳ್ಳೋದು ಜಾತಿ ಪದ್ಧತಿ. ಎರಡನ್ನೂ ಒಟ್ಟಿಗೆ ಪ್ರಶ್ನೆ ಮಾಡಬೇಕು.

ಮೊದಲು ನನಗೂ ಡಾಂಬರಿಗೂ ಏನು ಸಂಬಂಧ ಅಂತ ಹೇಳಿಬಿಡ್ತೀನಿ.

ನಮ್ಮಪ್ಪ ಡಾಂಬರು ಗ್ಯಾಂಗಿನಲ್ಲಿದ್ದ. ಈಗಿನ ಹಾಗೆ ಪೇವರ್ ಮಷೀನು ಹಳ್ಳಿ ರಸ್ತೆಗೆ ಬರ್ತಿರಲಿಲ್ಲ. ಡ್ರಮ್ಮಿನ ಕೆಳಗೆ ಕಟ್ಟಿಗೆ ಉರಿ ಹಾಕಿ ಡಾಂಬರು ಕಾಯಿಸೋದು, ತೂತು ಮಾಡಿದ ಡಬ್ಬದಲ್ಲಿ ತುಂಬಿ ಜಲ್ಲಿ ಮೇಲೆ ಚಿಮುಕಿಸ್ತಾ ಹಿಂದಕ್ಕೆ ಹಿಂದಕ್ಕೆ ನಡೆಯೋದು. ಕಾಲಿಗೆ ಗೋಣಿತಟ್ಟು ಸುತ್ತಿ, ಮೇಲೆ ಹಳೇ ಟೈರಿನ ಚಪ್ಪಲಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವನ ಎಡಗಾಲಿನ ಮೇಲೆ ಕುದಿಯೋ ಡಾಂಬರು ಬಿತ್ತು. ಡಾಂಬರು ಬಿದ್ರೆ ನೀರಿನ ಹಾಗೆ ಹರಿದು ಹೋಗಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡ್ತಾನೇ ಇರ್ತದೆ. ಮೂರು ತಿಂಗಳು ಮಲಗಿದ. ಗುತ್ತಿಗೆದಾರ ಒಂದು ಸಲ ಬಂದು ಕೈಯಲ್ಲಿ ಒಂದಿಷ್ಟು ರೂಪಾಯಿ ಇಟ್ಟು ಹೋದ. ಹಾಜರಿ ಪುಸ್ತಕದಲ್ಲಿ ನಮ್ಮಪ್ಪನ ಹೆಸರೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಹೆಸರಿಲ್ಲದವನಿಗೆ ಪರಿಹಾರ ಎಲ್ಲಿಂದ ಬರ್ತದೆ?

ಆ ಕಾಲಿನಲ್ಲೇ ನಡೆದು ಅವನು ನನ್ನ ಬಿಎ ಓದಿಸಿದ. ಇವತ್ತು ನಾನು ಒಂದು ಕಚೇರಿಯಲ್ಲಿ ಗುಮಾಸ್ತ. ಕಡತ ಓದೋದು, ಟಿಪ್ಪಣಿ ಹಾಕೋದು ನನ್ನ ಹೊಟ್ಟೆಪಾಡು. ಹಾಗಾಗಿ ಯಾವ ಕೆಲಸಕ್ಕೆ ಕಡತ ಇರ್ತದೆ, ಯಾವ ಮನುಷ್ಯನಿಗೆ ಕಡತ ಇರಲ್ಲ ಅನ್ನೋದು ನನಗೆ ಚೆನ್ನಾಗಿ ಕಾಣ್ತದೆ.

ಈಗ ರನ್‌ವೇ ವಿಷಯಕ್ಕೆ ಬರ್ತೀನಿ.

ಕಲಬುರಗಿ ನಿಲ್ದಾಣ ಇರೋದು ಊರಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆ, ಸೇಡಂ ರಸ್ತೆಯ ಕಡೆ, ಶ್ರೀನಿವಾಸ ಸರಡಗಿ ಹತ್ತಿರ. 2008ರಲ್ಲಿ ಅಡಿಗಲ್ಲು. ಖಾಸಗಿ ಸಹಭಾಗಿತ್ವ ಅಂದರು, ಅದು ನಡೀಲಿಲ್ಲ. ಆಮೇಲೆ ರಾಜ್ಯ ಸರ್ಕಾರ ನಮ್ಮ ತೆರಿಗೆ ಹಣದಿಂದ ಲೋಕೋಪಯೋಗಿ ಇಲಾಖೆ ಮೂಲಕ ಕಟ್ಟಿಸಿತು. 22 ನವೆಂಬರ್ 2019ರಂದು ಉದ್ಘಾಟನೆ. ನಡೆಸೋದು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ. ರನ್‌ವೇ ಉದ್ದ 3,175 ಮೀಟರ್, ಅಗಲ 45 ಮೀಟರ್. ಲೆಕ್ಕ ಹಾಕ್ರಿ, 1,42,875 ಚದರ ಮೀಟರ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೂವತ್ತೈದು ಎಕರೆ ಡಾಂಬರು. ನಮ್ಮ ಕೇರಿಯ ಎಲ್ಲ ಮನೆಗಳ ಹೊಲ ಸೇರಿಸಿದ್ರೂ ಅಷ್ಟಾಗಲ್ಲ.

ನಮ್ಮಲ್ಲಿ ಬಹಳ ಜನರ ತಿಳುವಳಿಕೆ ಏನು? ವಿಮಾನ ಜಾಸ್ತಿ ಇಳಿದ್ರೆ ರನ್‌ವೇ ಸವೀತದೆ, ಕಮ್ಮಿ ಇಳಿದ್ರೆ ಹೊಸದಾಗೇ ಇರ್ತದೆ ಅಂತ. ಇದು ತಪ್ಪು. ನಾನೂ ಹಾಗೇ ಅಂದುಕೊಂಡಿದ್ದೆ.

ಡಾಂಬರು ಮಿಶ್ರಣ ನೂರು ಕೆಜಿ ತಗೊಂಡ್ರೆ ಅದರಲ್ಲಿ ಡಾಂಬರು ಐದು ಆರು ಕೆಜಿ ಮಾತ್ರ. ಉಳಿದದ್ದೆಲ್ಲ ಜಲ್ಲಿ, ಕಲ್ಲಿನ ಪುಡಿ. ಆ ಐದಾರು ಕೆಜಿ ಅಂಟು ಇಡೀ ಕಲ್ಲನ್ನ ಹಿಡಿದು ನಿಲ್ಲಿಸ್ತದೆ. ಬಿಸಿಲು, ಗಾಳಿಯ ಆಮ್ಲಜನಕ, ಶಾಖ ಮೂರೂ ಸೇರಿ ವರ್ಷದಿಂದ ವರ್ಷಕ್ಕೆ ಆ ಅಂಟನ್ನ ಒಣಗಿಸ್ತವೆ. ಮೆತ್ತಗಿದ್ದದ್ದು ಗಡುಸಾಗ್ತದೆ, ಗಡುಸಾದದ್ದು ಸೀಳ್ತದೆ. ಕಪ್ಪಗಿದ್ದದ್ದು ಬೂದಿ ಬಣ್ಣಕ್ಕೆ ತಿರುಗ್ತದೆ. ಮೊದಲು ಸಣ್ಣ ಮರಳು ಉದುರ್ತದೆ, ಆಮೇಲೆ ಜಲ್ಲಿ ಕಳಚ್ತದೆ. ವಾಹನ ಓಡಾಡೋ ಕಡೆ ಟೈರು ತುಳಿದು ತುಳಿದು ಸಣ್ಣ ಬಿರುಕುಗಳು ಮುಚ್ಚಿಕೊಳ್ತವೆ. ಯಾರೂ ತುಳಿಯದ ಕಡೆ ಅದೂ ಇಲ್ಲ. ಅದಕ್ಕೇ ದಿನಕ್ಕೆ ಒಂದೆರಡು ವಿಮಾನ ಬರೋ ದೂರದ ನಿಲ್ದಾಣಗಳ ರನ್‌ವೇ ಭಾರದಿಂದ ಸಾಯಲ್ಲ, ಬಿಸಿಲಿಂದ ಸಾಯ್ತದೆ. ಯಾರೂ ನೋಡದೆ ಸಾಯ್ತದೆ.

ನಮ್ಮ ಕಡೆ ಬಿಸಿಲು ಹೇಗಿರ್ತದೆ ಅಂತ ನಾನು ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ. ಕಪ್ಪು ಡಾಂಬರಿನ ಮೈ 60 ಡಿಗ್ರಿ ದಾಟ್ತದೆ. ವಿಜಯಪುರದ ಬುರಣಾಪುರ ಕಡೆ ಕಟ್ಟಿದ ರನ್‌ವೇ ಮೊದಲ ಪ್ರಯಾಣಿಕರನ್ನ ನೋಡೋ ಮುಂಚೆಯೇ ಎಷ್ಟು ಬೇಸಿಗೆ ನೋಡಿದೆ ಲೆಕ್ಕ ಹಾಕ್ರಿ. ಅಲ್ಲಿನ ಡಾಂಬರಿಗೆ ಉದ್ಘಾಟನೆ ಆಗಿದೆಯೋ ಇಲ್ಲವೋ ಗೊತ್ತಾಗಲ್ಲ. ಹಾಕಿದ ದಿನದಿಂದ ಅದರ ವಯಸ್ಸು ಶುರು.

ಇನ್ನು ನಮ್ಮ ಎರೆ ಮಣ್ಣು. ಮಳೆ ಬಂದ್ರೆ ಉಬ್ಬೋದು, ಬೇಸಿಗೆಗೆ ಕೈ ತೂರುವಷ್ಟು ಬಾಯಿ ಬಿಡೋದು. ಹೊಲ ಮಾಡಿದ ಪ್ರತಿಯೊಬ್ಬನಿಗೂ ಗೊತ್ತು. ಇಂಥ ನೆಲದ ಮೇಲೆ ಏನು ಕಟ್ಟಿದ್ರೂ ನೀರು ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಬೇಕು. ಮೇಲಿನ ಬಿರುಕು ಅಂದ್ರೆ ನೀರಿಗೆ ಬಾಗಿಲು. ಬೆರಳು ತೂರದಷ್ಟು ಸಣ್ಣ ಬಿರುಕಿನಲ್ಲಿ ಒಂದು ಮಳೆಗಾಲ ನೀರು ಇಳಿದ್ರೆ ಸಾಕು, ಕೆಳಗಿನ ಪದರ ಮೆತ್ತಗಾಗಿ ಮೇಲಿಂದು ಕುಸೀತದೆ.

ಊರ ರಸ್ತೆಯಲ್ಲಿ ಜಲ್ಲಿ ಕಿತ್ತು ಬಂದ್ರೆ ಬೈಕು ಜಾರ್ತದೆ. ರನ್‌ವೇಯಲ್ಲಿ ಕಿತ್ತು ಬಂದ ಒಂದು ಜಲ್ಲಿಕಲ್ಲು ವಿಮಾನದ ಎಂಜಿನ್ ಒಳಗೆ ಹೋಗಬಹುದು, ಟೈರು ಸೀಳಬಹುದು. 25 ಜುಲೈ 2000ದಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ವಿಮಾನ ಬಿತ್ತಲ್ಲ, 113 ಜನ ಸತ್ತರಲ್ಲ, ಅದು ಶುರುವಾಗಿದ್ದು ಮುಂದೆ ಹೋದ ವಿಮಾನದಿಂದ ರನ್‌ವೇ ಮೇಲೆ ಬಿದ್ದಿದ್ದ ಒಂದು ಲೋಹದ ಪಟ್ಟಿಯಿಂದ. ಅಂಥದ್ದೊಂದು ಸಣ್ಣ ವಸ್ತು ಬಿದ್ದಿದೆಯಾ ಅಂತ ಗುಡಿಸೋನು, ನೋಡೋನು, ಎತ್ತೋನು ಒಬ್ಬ ಇರ್ತಾನೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಷ್ಟು ಉದ್ದದ ರನ್‌ವೇಯನ್ನ ದಿನಕ್ಕೆ ಕನಿಷ್ಠ ಎರಡು ಸಲ ಪರಿಶೀಲಿಸಬೇಕು. ಪೈಲಟ್ ಹೆಸರು ಮೈಕಿನಲ್ಲಿ ಕೇಳ್ತೀರಿ. ಕಲ್ಲು ಎತ್ತಿದವನ ಹೆಸರು ಯಾವತ್ತಾದ್ರೂ ಕೇಳಿದ್ದೀರಾ?

ಈಗ ದುಡ್ಡಿನ ಲೆಕ್ಕ. ಈ ವಿದ್ಯೆ ಓದಿದವರ ಪುಸ್ತಕಗಳಲ್ಲೆಲ್ಲ ಒಂದು ಗೆರೆಯ ಚಿತ್ರ ಇರ್ತದೆ. ಡಾಂಬರಿನ ಆಯಸ್ಸಿನ ಮೊದಲ ಮುಕ್ಕಾಲು ಭಾಗದಲ್ಲಿ ಅದರ ಗುಣ ಸುಮಾರು ಶೇ. 40 ಇಳೀತದೆ. ನಿಧಾನ, ಕಣ್ಣಿಗೆ ಕಾಣಲ್ಲ. ಆಮೇಲೆ ಆಯಸ್ಸಿನ ಬರೀ ಶೇ. 12ರಷ್ಟು ಕಾಲದಲ್ಲಿ ಇನ್ನೂ ಶೇ. 40 ಇಳೀತದೆ. ಮೊದಲ ಹಂತದಲ್ಲಿ ಒಂದು ರೂಪಾಯಿಗೆ ಆಗೋ ಕೆಲಸಕ್ಕೆ ಎರಡನೇ ಹಂತದಲ್ಲಿ ನಾಲ್ಕೈದು ರೂಪಾಯಿ ಬೇಕು. ಅಂದ್ರೆ ಚೆನ್ನಾಗಿ ಕಾಣೋವಾಗಲೇ ಕೈ ಹಚ್ಚಬೇಕು. ಚಳಿಗಾಲದಲ್ಲಿ, ಮಳೆ ನಿಂತು ನೆಲ ಒಣಗಿ ಬಿರುಕು ಬಾಯಿ ತೆರೆದಿರುವಾಗ, ಅದನ್ನ ಶುಚಿ ಮಾಡಿ ರಬ್ಬರು ಬೆರೆಸಿದ ಬಿಸಿ ಅಂಟು ತುಂಬಬೇಕು. ಮೈ ಒಣಗಿದ್ರೆ ತೆಳುವಾದ ಡಾಂಬರಿನ ದ್ರಾವಣ ಸಿಂಪಡಿಸಬೇಕು. ಅದೂ ಅಳತೆ ಮೀರಿದ್ರೆ ರನ್‌ವೇ ಜಾರ್ತದೆ, ಹಾಗಾಗಿ ಘರ್ಷಣೆ ಪರೀಕ್ಷೆ ಮಾಡದೆ ವಿಮಾನ ಬಿಡೋ ಹಾಗಿಲ್ಲ. ಇಳಿಯೋ ಜಾಗದಲ್ಲಿ ಟೈರಿನ ರಬ್ಬರು ಅಂಟಿಕೊಂಡಿರ್ತದೆ, ಅದನ್ನ ಜೋರು ನೀರಿನಿಂದ ತೆಗೀಬೇಕು. ಚರಂಡಿ ಹೂಳು ಎತ್ತಬೇಕು. ಪಕ್ಕದ ಹುಲ್ಲು ಕತ್ತರಿಸಬೇಕು.

ನೋಡಿದ್ರಾ? ಶುಚಿ ಮಾಡು, ತುಂಬು, ಗುಡಿಸು, ತೊಳೆ, ಹೂಳೆತ್ತು, ಕತ್ತರಿಸು. ಈ ಪಟ್ಟಿ ಓದಿದ ಕೂಡಲೇ ನಿಮಗೆ ಯಾರ ಮುಖ ನೆನಪಾಯ್ತು? ನನಗೆ ನಮ್ಮ ಕೇರಿ ನೆನಪಾಯ್ತು.

ಇಲ್ಲೇ ನನ್ನ ಮುಖ್ಯ ಮಾತು ಇರೋದು. ಈ ದೇಶದಲ್ಲಿ ಕಟ್ಟೋದಕ್ಕೆ ಗೌರವ ಇದೆ, ಕಾಯೋದಕ್ಕೆ ಇಲ್ಲ. ಅಡಿಗಲ್ಲಿಗೆ ಹೆಸರು ಕೆತ್ತಿಸ್ತಾರೆ. ಬಿರುಕು ಮುಚ್ಚಿದ್ದಕ್ಕೆ ಕಲ್ಲು ನೆಟ್ಟಿದ್ದು ಎಲ್ಲಾದ್ರೂ ನೋಡಿದ್ದೀರಾ? ರಿಬ್ಬನ್ ಕತ್ತರಿಸೋಕೆ ನೂರು ಕೈ, ಪೊರಕೆ ಹಿಡಿಯೋಕೆ ಒಂದೇ ಜಾತಿಯ ಕೈ. ಇದು ಆಕಸ್ಮಿಕ ಅಲ್ಲ. ಸಾವಿರಾರು ವರ್ಷ ಶುಚಿ ಮಾಡೋ, ಉಳಿಸೋ, ದುರಸ್ತಿ ಮಾಡೋ ಕೆಲಸವನ್ನೆಲ್ಲ ಒಂದು ಜನದ ತಲೆಗೆ ಕಟ್ಟಿ, ಆ ಜನವನ್ನ ಊರ ಹೊರಗೆ ಇಟ್ಟರು. ಆಮೇಲೆ ಆ ಜನ ಮಾಡೋ ಕೆಲಸವನ್ನೇ ಕೀಳು ಅಂದರು. ಬಾಬಾಸಾಹೇಬರು 1936ರಲ್ಲೇ ಜಾತಿ ಅನ್ನೋದು ಕೆಲಸವನ್ನ ಮಾತ್ರ ಹಂಚಲ್ಲ, ಕೆಲಸ ಮಾಡೋರನ್ನೇ ಮೇಲು ಕೀಳು ಅಂತ ಒಡೆದು ಇಡ್ತದೆ ಅಂತ ಬಿಡಿಸಿ ಹೇಳಿದ್ದರು. ಅವರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿದವರು ಅನ್ನೋದನ್ನ ನಾವೇ ಮರೀತೀವಿ.

ಅದಕ್ಕೇ ನಮ್ಮ ಬಜೆಟ್ಟುಗಳೂ ಹಾಗೇ ಇರೋದು. ಹೊಸ ಕಟ್ಟಡಕ್ಕೆ ಕೋಟಿಗಟ್ಟಲೆ, ನಿರ್ವಹಣೆಗೆ ಉಳಿದ ಚಿಲ್ಲರೆ. ಹಾಸ್ಟೆಲ್ ಕಟ್ಟಿದರು, ಮೂರು ವರ್ಷಕ್ಕೆ ಶೌಚಾಲಯ ಮುಚ್ಚಿತು. ಅಂಬೇಡ್ಕರ್ ಭವನ ಕಟ್ಟಿದರು, ಛಾವಣಿ ಸೋರ್ತದೆ. ಶುದ್ಧ ನೀರಿನ ಘಟಕ ಇಟ್ಟರು, ಫಿಲ್ಟರ್ ಬದಲಿಸೋರಿಲ್ಲ. ರನ್‌ವೇ ಈ ಪಟ್ಟಿಯಲ್ಲಿ ದೊಡ್ಡದು, ಅಷ್ಟೇ. ಕಾಯೋ ಕೆಲಸವನ್ನ ಕೀಳಾಗಿ ನೋಡೋ ಸಮಾಜ ತಾನು ಕಟ್ಟಿದ್ದನ್ನ ಉಳಿಸಿಕೊಳ್ಳಲಾರದು. ಜಾತಿ ನಮ್ಮನ್ನ ಮಾತ್ರ ತಿಂದಿಲ್ಲ, ಈ ದೇಶದ ಗೋಡೆ, ರಸ್ತೆ, ಸೇತುವೆಗಳನ್ನೂ ತಿಂದಿದೆ.

ನನ್ನ ಅಕ್ಕನ ಮಗನ ಕಥೆ ಹೇಳ್ತೀನಿ. ಅವನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು. ಎರಡು ವರ್ಷದ ಹಿಂದೆ ಒಂದು ದೂರದ ನಿಲ್ದಾಣದಲ್ಲಿ ಬಿರುಕು ತುಂಬೋ ಗ್ಯಾಂಗಿಗೆ ಹೋದ. ಯಾವ ಊರು, ಯಾವ ಗುತ್ತಿಗೆದಾರ ಅಂತ ಬರೆಯಲ್ಲ, ಬರೆದ್ರೆ ಅವನ ಜೊತೆಗಾರರ ಕೆಲಸ ಹೋಗ್ತದೆ. ಕೆಲಸ ರಾತ್ರಿ, ಯಾಕಂದ್ರೆ ಹಗಲು ವಿಮಾನ ಇರ್ತದೆ. ಸಂಜೆ ಕೊನೆಯ ವಿಮಾನ ಹೋದಮೇಲೆ ಒಳಗೆ ಬಿಡ್ತಾರೆ, ಬೆಳಗಿನ ಜಾವಕ್ಕೆ ಒಂದು ಕಸ, ಒಂದು ಮೊಳೆ ಉಳಿಯದ ಹಾಗೆ ಗುಡಿಸಿ ಹೊರಗೆ ಬರಬೇಕು. ಅಂಟು ಕಾಯಿಸೋ ಯಂತ್ರದಲ್ಲಿ 180 ಡಿಗ್ರಿ ಮೇಲೆ ಶಾಖ. ಕೈಗೆ ಕೊಟ್ಟದ್ದು ತೋಟದ ಕೆಲಸದ ಬಟ್ಟೆಯ ಕೈಗವಸು. ಒಂದು ರಾತ್ರಿ ಮಣಿಕಟ್ಟಿನ ಮೇಲೆ ಬಿತ್ತು.

ನಾನು ಕೇಳಿದೆ, ಯಾಕೋ ಹೇಳಲಿಲ್ಲ ಅಂತ. ಅವ ಅಂದ: "ಮಾಮಾ, ಅಜ್ಜನ ಕಾಲು ನೋಡಿ ಬೆಳದೀನಿ ನಾ. ಹೇಳಿದ್ರ ಏನ್ ಆಗ್ತದ ಅಂತ ನಂಗ ಗೊತ್ತದ."

ಮೂವತ್ತು ವರ್ಷ ಆಗಿದೆ. ಗೋಣಿತಟ್ಟು ಹೋಗಿ ಬಟ್ಟೆ ಕೈಗವಸು ಬಂದಿದೆ. ಅಷ್ಟೇ ಪ್ರಗತಿ.

ಅವನಿಗೆ ನಾನು ಕಾರ್ಮಿಕ ಕಾರ್ಡು ಮಾಡಿಸೋಣ ಅಂದೆ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ 1996ರ ಕಾಯ್ದೆ ತೆಗೆದು ವ್ಯಾಖ್ಯಾನ ಓದಿದೆ. ನೀವೂ ಓದ್ರಿ. ಅದರಲ್ಲಿ ಕಟ್ಟಡ, ಬೀದಿ, ರಸ್ತೆ, ರೈಲು ದಾರಿ ಜೊತೆಗೆ ವಿಮಾನ ನೆಲೆ ಅನ್ನೋ ಪದವೂ ಇದೆ. ಹೊಸದಾಗಿ ಕಟ್ಟೋದು ಮಾತ್ರ ಅಲ್ಲ, ದುರಸ್ತಿ ಮತ್ತು ನಿರ್ವಹಣೆ ಅಂತಲೂ ಇದೆ. 2020ರ ಹೊಸ ಸಂಹಿತೆಯಲ್ಲೂ ಆ ಪದಗಳು ಹಾಗೇ ಉಳಿದಿವೆ. ಅಂದ್ರೆ ರನ್‌ವೇ ಬಿರುಕು ತುಂಬೋನು ಕಾನೂನಿನ ಕಣ್ಣಲ್ಲಿ ನಿರ್ಮಾಣ ಕಾರ್ಮಿಕ. ಕಾಮಗಾರಿ ವೆಚ್ಚದ ಶೇ. 1 ಸೆಸ್ ಅವನಂಥವರ ಕಲ್ಯಾಣಕ್ಕೇ ಹೋಗೋದು. ಆದ್ರೆ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣ ಬೇಕು. ಗುತ್ತಿಗೆದಾರನ ಹತ್ತಿರ ಹೋದ್ರೆ, "ನೀನು ನನ್ನ ಹತ್ರ ಕೆಲಸ ಮಾಡಿಲ್ಲ, ಮೇಸ್ತ್ರಿ ಹತ್ರ ಮಾಡಿದ್ದೀ" ಅಂದ. ಮೇಸ್ತ್ರಿ ಫೋನು ಎತ್ತಲ್ಲ. ನಮ್ಮಪ್ಪನ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ, ಮೊಮ್ಮಗನ ಹೆಸರೂ ಇಲ್ಲ. ಆದ್ರೆ ಅದೇ ನಿಲ್ದಾಣದಲ್ಲಿ ಪ್ರತಿ ಬಿರುಕಿಗೂ ಲೆಕ್ಕ ಇದೆ. ಎಷ್ಟು ಮೀಟರ್ ಉದ್ದ, ಎಷ್ಟು ಮಿಲಿಮೀಟರ್ ಅಗಲ, ಯಾವ ದಿನ ತುಂಬಿದ್ದು ಅಂತ ಬರೆದು ಬಿಲ್ ಮಾಡ್ತಾರೆ. ಬಿರುಕಿಗೆ ದಾಖಲೆ ಇದೆ, ಬಿರುಕು ತುಂಬಿದವನಿಗೆ ಇಲ್ಲ.

ಹೊಗೆ ವಿಷಯ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಡಾಂಬರಿನ ಹೊಗೆ ಬಗ್ಗೆ ಪರಿಶೀಲನೆ ಮಾಡಿತು. ರಸ್ತೆಗೆ ಡಾಂಬರು ಹಾಕೋ ಕೆಲಸವನ್ನ ಕ್ಯಾನ್ಸರ್ ತರಬಹುದಾದ 2ಬಿ ಗುಂಪಿಗೆ, ಛಾವಣಿಗೆ ಹಾಕೋ ಆಕ್ಸಿಡೀಕರಿಸಿದ ಡಾಂಬರಿನ ಕೆಲಸವನ್ನ ಅದಕ್ಕಿಂತ ಮೇಲಿನ 2ಎ ಗುಂಪಿಗೆ ಸೇರಿಸಿತು. ನಮ್ಮಲ್ಲಿ ಎಲ್ಲದಕ್ಕೂ ಡಾಂಬರು, ಟಾರು ಅಂತೀವಿ. ಆದ್ರೆ ಕಚ್ಚಾ ಎಣ್ಣೆಯಿಂದ ಬರೋ ಬಿಟುಮಿನ್ ಬೇರೆ, ಕಲ್ಲಿದ್ದಲಿನಿಂದ ಬರೋ ಕೋಲ್ ಟಾರ್ ಬೇರೆ. ಕೋಲ್ ಟಾರ್ ಕ್ಯಾನ್ಸರ್ ತರ್ತದೆ ಅನ್ನೋದರಲ್ಲಿ ಅನುಮಾನವೇ ಇಲ್ಲ, ಅದು ಒಂದನೇ ಗುಂಪು. ಸೀಮೆಎಣ್ಣೆ ಜಾತಿಯ ವಿಮಾನ ಇಂಧನ ಬಿದ್ರೆ ಬಿಟುಮಿನ್ ಕರಗ್ತದೆ, ಕೋಲ್ ಟಾರ್ ತಡೀತದೆ. ಅದಕ್ಕೇ ವಿಮಾನ ನಿಲ್ಲೋ ಜಾಗಗಳಿಗೆ ಕೋಲ್ ಟಾರ್ ಲೇಪನ ಹಚ್ಚೋ ಪದ್ಧತಿ ಹಲವು ದೇಶಗಳಲ್ಲಿ ಇತ್ತು. ಡ್ರಮ್ಮಿನ ಮೇಲೆ ಏನು ಬರೆದಿದೆ ಅಂತ ಓದೋ ಹಕ್ಕು ಕೂಲಿಗೆ ಬೇಕು. ಅವನ ಭಾಷೆಯಲ್ಲಿ, ಕನ್ನಡದಲ್ಲಿ ಬರೆದಿರಬೇಕು.

ಈಗ ನನ್ನ ಗೆಳೆಯರ ಮಾತಿಗೆ ಬರ್ತೀನಿ.

"ವಿಮಾನದಾಗ ಹಾರೋರು ಅವರು." ನಿಜ. ನಾನು ಈ ವಯಸ್ಸಿಗೆ ಒಂದು ಸಲವೂ ಹಾರಿಲ್ಲ. ಆದ್ರೆ ಹಾರೋರು ಯಾರು ಅನ್ನೋದರಿಂದ ನೆಲ ಯಾರದು ಅನ್ನೋದು ತೀರ್ಮಾನ ಆಗಲ್ಲ. ವಿಶ್ವವಿದ್ಯಾಲಯದಲ್ಲಿ ಒಂದು ಕಾಲಕ್ಕೆ ಓದ್ತಾ ಇದ್ದೋರು ಅವರೇ. ಹೈಕೋರ್ಟಿನಲ್ಲಿ ಕೂತಿದ್ದೋರು ಅವರೇ. ಹಾಗಂತ ವಿಶ್ವವಿದ್ಯಾಲಯ ಹಾಳಾಗಲಿ ಅಂದಿದ್ವಾ? ನಮಗೂ ಬಾಗಿಲು ತೆಗೀರಿ ಅಂದ್ವಿ. ಮಹಾಡ್ ಕೆರೆಯ ನೀರು ಕುಡಿಯೋಕೆ 1927ರಲ್ಲಿ ಬಾಬಾಸಾಹೇಬರು ಜನರನ್ನ ಕರೆದುಕೊಂಡು ಹೋದಾಗ ಕೆರೆ ಬತ್ತಲಿ ಅಂತ ಶಾಪ ಹಾಕಲಿಲ್ಲ. ಸಾರ್ವಜನಿಕ ಆಸ್ತಿ ಹಾಳಾದ್ರೆ ಶ್ರೀಮಂತ ಹೈದರಾಬಾದಿಗೆ ಕಾರು ಹತ್ತಿ ಹೋಗಿ ಅಲ್ಲಿಂದ ಹಾರ್ತಾನೆ. ನಷ್ಟ ಅವನಿಗೆ ನಾಲ್ಕು ತಾಸು. ಆ ನೆಲಕ್ಕೆ ಹೊಲ ಬಿಟ್ಟುಕೊಟ್ಟವನಿಗೆ ಹೊಲವೂ ಇಲ್ಲ, ನಿಲ್ದಾಣವೂ ಇಲ್ಲ, ಮಗನಿಗೆ ಕೆಲಸವೂ ಇಲ್ಲ.

"ನಮ್ಮ ಕೇರಿಗೆ ಚರಂಡಿ ಇಲ್ಲ." ಇದಕ್ಕೆ ನನ್ನ ಹತ್ತಿರ ಖಾರವಾದ ಉತ್ತರ ಇದೆ. ಚರಂಡಿ ಇಲ್ಲದ್ದು ರನ್‌ವೇಯಿಂದ ಅಲ್ಲ. ಪರಿಶಿಷ್ಟರಿಗೆ ಅಂತ ತೆಗೆದಿಟ್ಟ ಹಣ ಬೇರೆ ಕಡೆ ಹೋಗಿದ್ದರಿಂದ. 2013ರಲ್ಲಿ ನಮ್ಮ ರಾಜ್ಯ ಉಪಯೋಜನೆ ಕಾಯ್ದೆ ತಂತು, ದೇಶಕ್ಕೇ ಮಾದರಿ ಅಂತ ಕುಣಿದಾಡಿದ್ವಿ. ಅದರೊಳಗೇ 7ಡಿ ಅನ್ನೋ ಕಿಂಡಿ ಇಟ್ಟಿದ್ದರು. ಎಲ್ಲರಿಗೂ ಸೇರಿದ ಮೂಲಸೌಕರ್ಯಕ್ಕೆ ಖರ್ಚು ಮಾಡಿದ್ರೂ ಅದರಲ್ಲೊಂದು ಪಾಲನ್ನ ದಲಿತರಿಗೇ ಖರ್ಚಾಯ್ತು ಅಂತ ಭಾವಿಸೋ ಕಿಂಡಿ. ಹತ್ತು ವರ್ಷ ಹೋರಾಡಿ 2023ರಲ್ಲಿ ಆ ಕಿಂಡಿ ಮುಚ್ಚಿಸಿದ್ವಿ. ಅಲ್ಲೂ ನಾವು ಮಾಡಿದ್ದು ಏನು? ಕಡತ ಓದಿದ್ವಿ, ಲೆಕ್ಕ ಕೇಳಿದ್ವಿ. ಈಗ ರನ್‌ವೇ ಲೆಕ್ಕ ಕೇಳೋಣ ಅಂದ್ರೆ ಯಾಕೆ ನಗ್ತೀರಿ? ನಿರ್ವಹಣೆ ಒಂದು ರೂಪಾಯಿಗೆ ಮುಗಿಸದೆ ನಾಲ್ಕೈದು ರೂಪಾಯಿ ಮಾಡಿಕೊಂಡ್ರೆ ಆ ಹೆಚ್ಚುವರಿ ಹಣ ಕಡೆಗೆ ಯಾರ ಚರಂಡಿಯಿಂದ ಬರ್ತದೆ ಅಂತ ಯೋಚನೆ ಮಾಡಿದ್ದೀರಾ?

ಇನ್ನೊಂದು ಕಡೆಯವರಿಗೂ ಎರಡು ಮಾತು. ಬೆಂಗಳೂರಿನಲ್ಲಿ ಕೂತು "ಪ್ರಯಾಣಿಕರಿಲ್ಲ, ಈ ಸಣ್ಣ ನಿಲ್ದಾಣಗಳು ವ್ಯರ್ಥ" ಅನ್ನೋ ಬುದ್ಧಿವಂತರೇ, ನಮ್ಮ ಭಾಗಕ್ಕೆ 371ಜೆ ತರೋಕೆ ಎಷ್ಟು ದಶಕ ಬೇಕಾಯ್ತು ಅಂತ ನಿಮಗೆ ನೆನಪಿದೆಯಾ? ಆರುನೂರು ಕಿಲೋಮೀಟರ್ ದೂರ ಇದ್ದೀವಿ ಅನ್ನೋದು ನಮ್ಮ ತಪ್ಪಲ್ಲ. ವಿಮಾನ ಬರೋದು ನಿಂತ ದಿನವೂ ಬಿಸಿಲು ನಿಲ್ಲಲ್ಲ. ಕಟ್ಟಿ ಆದಮೇಲೆ ಲಾಭ ನಷ್ಟ ನೋಡಿ ಕೈಬಿಟ್ರೆ ಹಾಳಾಗೋದು ಮೂವತ್ತೈದು ಎಕರೆ ಡಾಂಬರು, ಅದರ ಕೆಳಗೆ ಹೂತುಹೋದ ಹೊಲ, ಅದರಲ್ಲಿ ಬೆರೆತ ಬೆವರು.

ಹಾಗಾದ್ರೆ ಏನು ಕೇಳಬೇಕು? ನಾನು ಬರೆದಿಟ್ಟುಕೊಂಡಿದೀನಿ. ತಪ್ಪಿದ್ರೆ ತಿದ್ರಿ.

1. ನಮ್ಮ ಭಾಗದ ಪ್ರತಿ ನಿಲ್ದಾಣದ ರನ್‌ವೇ ನಿರ್ವಹಣೆಯ ವಾರ್ಷಿಕ ಯೋಜನೆ ಮತ್ತು ಖರ್ಚು ಸಾರ್ವಜನಿಕವಾಗಲಿ. ಬಿರುಕು ತುಂಬೋ ಕೆಲಸ ನವೆಂಬರ್‌ನಿಂದ ಫೆಬ್ರವರಿ ಒಳಗೆ ಮುಗೀಲಿ. ಮಳೆಗಾಲ ಬಂದಮೇಲೆ ಟೆಂಡರ್ ಕರೆಯೋ ನಾಟಕ ಬೇಡ.

2. ಕೆಲಸ ಮಾಡೋ ಪ್ರತಿಯೊಬ್ಬರ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿ. ಕಟ್ಟಡ ಕಾರ್ಮಿಕರ ಮಂಡಳಿ ನೋಂದಣಿಗೆ 90 ದಿನದ ಪ್ರಮಾಣಪತ್ರ ಕೊಡದ ಗುತ್ತಿಗೆದಾರನ ಕೊನೆಯ ಬಿಲ್ ತಡೆಹಿಡೀಲಿ. ಒಳಗೆ ಹೋಗೋಕೆ ಪಾಸ್ ಇಲ್ಲದೆ ಯಾರನ್ನೂ ಬಿಡಲ್ಲ ತಾನೆ? ಪಾಸ್ ಇದ್ದಮೇಲೆ ಆ ಮನುಷ್ಯ ಅಲ್ಲಿ ಕೆಲಸ ಮಾಡಿಲ್ಲ ಅಂತ ಹೇಗೆ ಹೇಳ್ತಾರೆ? ಆ ಪಾಸ್ ದಾಖಲೆಯನ್ನೇ ಹಾಜರಿಗೆ ಸಾಕ್ಷಿ ಅಂತ ಒಪ್ಪಲಿ.

3. ಶಾಖ ತಡೆಯೋ ಕೈಗವಸು, ಬೂಟು, ಮುಖಕವಚ, ಸುಟ್ಟಗಾಯಕ್ಕೆ ತಕ್ಷಣದ ಚಿಕಿತ್ಸೆ ಟೆಂಡರ್‌ನಲ್ಲೇ ಬೇರೆ ಬಾಬತ್ತಾಗಿ ಇರಲಿ. ಕೋಲ್ ಟಾರ್ ಇರೋ ಲೇಪನ ನಮ್ಮ ಜನರ ಕೈಯಿಂದ ಹಚ್ಚಿಸೋದು ಬೇಡ.

4. ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಗುತ್ತಿಗೆ ಮೀಸಲಾತಿ ಇದೆ. ಮೊದಲು 50 ಲಕ್ಷದ ಮಿತಿ ಇತ್ತು, ಆಮೇಲೆ ಒಂದು ಕೋಟಿಗೆ ಏರಿತು. ಕೇಂದ್ರದ ಖರೀದಿ ನೀತಿಯಲ್ಲಿ ನಮ್ಮ ಉದ್ಯಮಿಗಳಿಗೆ ಶೇ. 4 ಇದೆ, ಆದ್ರೆ ಅದು ಸರಕು ಮತ್ತು ಸೇವೆಗೆ. ಕಾಮಗಾರಿ ಗುತ್ತಿಗೆ ಅದರ ಹೊರಗೆ. ಬಿರುಕು ತುಂಬೋದು, ಚರಂಡಿ ತೆಗೆಯೋದು ಸಣ್ಣ ಮೊತ್ತದ ಕೆಲಸ. ರಾಜ್ಯ ಸರ್ಕಾರ ಹಣ ಹಾಕಿದ ನಿಲ್ದಾಣಗಳಲ್ಲಾದ್ರೂ ಈ ಮೀಸಲಾತಿ ಬರಲಿ ಅಂತ ಒಪ್ಪಂದ ಆಗಲಿ.

5. ಹೊರಗುತ್ತಿಗೆ ನೇಮಕಾತಿಯಲ್ಲಿ ಮೀಸಲಾತಿ ಪಾಲಿಸಬೇಕು ಅಂತ ರಾಜ್ಯ ಸರ್ಕಾರ ಮೇ 2024ರಲ್ಲಿ ಆದೇಶ ಮಾಡಿದೆ. ಕೇಂದ್ರದ ನಿಲ್ದಾಣಕ್ಕೆ ಅದು ತಾಗಲ್ಲ. ತಾಗೋ ಹಾಗೆ ಮಾಡೋದು ಸಂಸದರ ಕೆಲಸ. ಭೂಮಿ ಕೊಟ್ಟವರ ಮನೆಯ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಪರಿಶೀಲನೆ, ಘರ್ಷಣೆ ಪರೀಕ್ಷೆ, ಪ್ರಯೋಗಾಲಯದ ಕೆಲಸಕ್ಕೆ ತಗೊಳ್ಳಲಿ. ಪೊರಕೆ ಮಾತ್ರ ನಮಗೆ, ಮೀಟರು ಅವರಿಗೆ ಅನ್ನೋದು ನಿಲ್ಲಲಿ.

ಈ ಐದರಲ್ಲಿ ಒಂದಾದ್ರೂ ಚರಂಡಿ ಬೇಡ ಅನ್ನೋ ಬೇಡಿಕೆ ಇದೆಯಾ? ಕೇರಿಯ ಚರಂಡಿಗೂ ಇದೇ ಐದು ಪ್ರಶ್ನೆ ಕೇಳಬೇಕು. ಯಾವಾಗ ಮಾಡ್ತೀರಿ, ಯಾರಿಂದ ಮಾಡಿಸ್ತೀರಿ, ಅವರ ಹೆಸರು ಎಲ್ಲಿ ಬರೀತೀರಿ, ಅವರ ಮೈಗೆ ಏನು ಹಾಕ್ತೀರಿ, ಮೇಲಿನ ಕೆಲಸ ಅವರಿಗೆ ಯಾವಾಗ ಕೊಡ್ತೀರಿ.

ನಮ್ಮಪ್ಪ ಈಗ ಇಲ್ಲ. ಅವನು ಹಾಕಿದ ರಸ್ತೆಗಳಲ್ಲಿ ಒಂದು ಇನ್ನೂ ಇದೆ, ಮೇಲೆ ಎರಡು ಮೂರು ಪದರ ಬಂದಿದೆ. ಬಸ್ಸಿನಲ್ಲಿ ಅಲ್ಲಿ ಹಾದುಹೋಗುವಾಗ ಅವನು ಮಕ್ಕಳಿಗೆ ತೋರಿಸ್ತಿದ್ದ, "ಇದರ ಕೆಳಗ ನಂದು ಅದ" ಅಂತ. ಯಾವ ಕಲ್ಲಿನ ಮೇಲೂ ಅವನ ಹೆಸರಿಲ್ಲ. ಅಕ್ಕನ ಮಗನಿಗೆ ಹಾಗಾಗೋದು ನನಗೆ ಬೇಡ. ಅವನ ಹೆಸರು ಪುಸ್ತಕದಲ್ಲಿ ಬರಬೇಕು, ಶಾಯಿಯಲ್ಲಿ, ದಿನಾಂಕದ ಸಮೇತ.

ಮಾಹಿತಿ ಹಕ್ಕಿನ ಅರ್ಜಿ ನಾನೇ ಟೈಪ್ ಮಾಡಿದೀನಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಕೂಡ ತಂದಿಟ್ಟಿದೀನಿ. ಒಬ್ಬನೇ ಹಾಕಿದ್ರೂ ಅರ್ಜಿ ಹೋಗ್ತದೆ, ಆದ್ರೆ ಒಬ್ಬ ಗುಮಾಸ್ತನನ್ನ ಹೆದರಿಸೋದು ಸುಲಭ, ಐವತ್ತು ಜನರನ್ನ ಹೆದರಿಸೋದು ಕಷ್ಟ. ಅದಕ್ಕೇ ಐವತ್ತು ಜನ ಬೇರೆ ಬೇರೆಯಾಗಿ ಇದೇ ಅರ್ಜಿ ಹಾಕೋಣ ಅಂತಿದೀನಿ. ಬೇಕಾದವರು ಇನ್‌ಬಾಕ್ಸಿಗೆ ಬರ್ರಿ, ಪ್ರತಿ ಕಳಿಸ್ತೀನಿ. ನಗೋ ಚಿತ್ರ ಹಾಕಿದ ಗೆಳೆಯ, ನಿನಗೂ ಒಂದು ಪ್ರತಿ ಇಟ್ಟಿದೀನಿ. ಭಾನುವಾರ ಅಂಬೇಡ್ಕರ್ ಪ್ರತಿಮೆ ಹತ್ತಿರ ಸಿಗೋಣ, ಪೆನ್ನು ನಾನೇ ತರ್ತೀನಿ.

ಜೈ ಭೀಮ್.